16 ಲಕ್ಷದೊಳಗೆ ಹಳೆಯ ಲಕ್ಷುರಿ ಸೆಡಾನ್: ಕ್ಯಾಮ್ರಿ, ಸೂಪರ್ಬ್, 320ಡಿ, ಎ6 – ಯಾವುದನ್ನು ಸಾಕಬಹುದು?

ಹಾಸನ_ಹೈವೇ:
ಗಾಡಿಗೆ 16 ಲಕ್ಷ, ಆಮೇಲಿನ ರಿಪೇರಿಗೆ ವರ್ಷಕ್ಕೆ 60–70 ಸಾವಿರ. ತಿಂಗಳಿಗೆ 900 ಕಿ.ಮೀ. ಓಟ, ಹೆಚ್ಚಿನದು ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಎರಡು ಸಲ ಹಾಸನಕ್ಕೆ. ಆರು ವರ್ಷ ಇಟ್ಟುಕೊಳ್ಳುವ ಯೋಚನೆ. ಕಣ್ಣಿಗೆ ಬಿದ್ದಿರುವ ನಾಲ್ಕು:
2016ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರ್), 85,000 ಕಿ.ಮೀ.
2017ರ ಸ್ಕೋಡಾ ಸೂಪರ್ಬ್ 1.8 ಟಿಎಸ್‌ಐ (ಪೆಟ್ರೋಲ್) ಆಟೋಮ್ಯಾಟಿಕ್, 62,000 ಕಿ.ಮೀ.
2015ರ ಬಿಎಂಡಬ್ಲ್ಯು 320ಡಿ (ಡೀಸೆಲ್), ದೆಹಲಿ ನೋಂದಣಿ, 70,000 ಕಿ.ಮೀ.
2014ರ ಆಡಿ ಎ6 2.0 ಟಿಡಿಐ (ಡೀಸೆಲ್). ನಾಲ್ಕರಲ್ಲಿ ಇದೇ ಅಗ್ಗ.
ಯಾವುದು ಸರಿ, ಏನೇನು ನೋಡಬೇಕು?

ಸ್ಪ್ಯಾನರ್_13:
ಎ6 ಬಿಟ್ಟುಬಿಡಿ. ಆ ವರ್ಷದ 2.0 ಟಿಡಿಐಗೆ ಇರೋದು ಮಲ್ಟಿಟ್ರಾನಿಕ್ ಸಿವಿಟಿ, ಅಂದರೆ ಹಂತಹಂತದ ಗೇರ್ ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಎಣ್ಣೆ 60,000 ಕಿ.ಮೀ.ಗೊಮ್ಮೆ ಬದಲಾಗಿರಬೇಕು, ಬಹಳ ಗಾಡಿಗಳಲ್ಲಿ ಆಗಿರೋದಿಲ್ಲ. ನಿಂತಲ್ಲಿಂದ ಹೊರಡುವಾಗ ಜಗ್ಗಿದರೆ ಒಳಗಿನ ಕ್ಲಚ್ ಸವೆದಿದೆ ಅಂತ ಅರ್ಥ. ಅದನ್ನು ಬಿಚ್ಚಿ ಸರಿಯಾಗಿ ಜೋಡಿಸುವ ಕೈಗಳು ಕಡಿಮೆ. ಅಗ್ಗ ಯಾಕೆ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.

320ಡಿ ಓಡಿಸೋಕೆ ನಾಲ್ಕರಲ್ಲೂ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ 2015ರದ್ದು ಎನ್47 ಎಂಜಿನ್ ಆಗಿರುವ ಸಾಧ್ಯತೆ ಹೆಚ್ಚು. ಇದರ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕಡೆ ಇದೆ. ಚೈನ್ ಸಡಿಲವಾದರೆ ಬಿಡಿಭಾಗದ ಬೆಲೆಗಿಂತ ಬಿಚ್ಚುವ ಕೂಲಿಯೇ ಜಾಸ್ತಿ, ತುಂಡಾದರೆ ಎಂಜಿನ್ನೇ ಹೋಯ್ತು. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ, 1,500–2,000 ಆರ್‌ಪಿಎಂನಲ್ಲಿ ಹಿಂಬದಿಯಿಂದ ಉಜ್ಜಿದಂಥ ಲೋಹದ ಸದ್ದು ಬರುತ್ತಾ ಕೇಳಿ. ನೀವು ಹೋಗುವ ಮುಂಚೆಯೇ ಬಾನೆಟ್ ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ, ವಾಪಸ್ ಬನ್ನಿ. ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಭಾಗ) ರೀಕಾಲ್ ಕೆಲಸ ಆಗಿದೆಯಾ ಅಂತ ಚಾಸಿಸ್ ನಂಬರ್ ಕೊಟ್ಟು ಡೀಲರ್ ಹತ್ತಿರ ವಿಚಾರಿಸಿ: ಕೂಲರ್ ಒಳಗೆ ಸೋರಿದ ಕೂಲೆಂಟ್ ಮಸಿ ಜೊತೆ ಸೇರಿ ಹೊತ್ತಿಕೊಳ್ಳುವ ತೊಂದರೆ ಅದು. ಗೇರ್‌ಬಾಕ್ಸ್ ಜೆಡ್‌ಎಫ್‌ನ 8 ಸ್ಪೀಡ್, ಗಟ್ಟಿ. ಬಿಎಂಡಬ್ಲ್ಯು "ಎಣ್ಣೆ ಜೀವಮಾನಕ್ಕೆ ಸಾಕು" ಅಂದರೂ ಮಾಡಿದ ಜೆಡ್‌ಎಫ್ ಕಂಪನಿಯೇ 80,000–1,20,000 ಕಿ.ಮೀ. ನಡುವೆ ಬದಲಿಸಿ ಅನ್ನುತ್ತೆ. ಫಿಲ್ಟರ್ ಪ್ಲಾಸ್ಟಿಕ್ ಸಂಪ್‌ನೊಳಗೇ (ಕೆಳಗಿನ ಎಣ್ಣೆ ತಟ್ಟೆ) ಇರೋದರಿಂದ ಸಂಪ್ ಸಮೇತ ಹೊಸದು ಹಾಕಬೇಕು.

ಸೂಪರ್ಬ್ 1.8 ಎಂಜಿನ್ ಒಳ್ಳೆಯದೇ. ಪ್ಲಾಸ್ಟಿಕ್ಕಿನ ಥರ್ಮೋಸ್ಟಾಟ್–ವಾಟರ್ ಪಂಪ್ ಹೌಸಿಂಗ್ ಸೋರುತ್ತೆ. ಕೂಲೆಂಟ್ ಮಟ್ಟ ಇಳಿದಿದ್ದು ಕೆಳಗೆ ಹನಿ ಕಾಣದಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಗುಲಾಬಿ ಕಲೆ ಒಣಗಿರುತ್ತೆ. ನನ್ನ ತಕರಾರು ಡಿಕ್ಯು200 ಗೇರ್‌ಬಾಕ್ಸ್ ಮೇಲೆ. ಅದು 7 ಸ್ಪೀಡ್ ಡ್ರೈ ಕ್ಲಚ್, ತಾಳೋದು 250 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ಎಳೆತದ ಬಲ) ಅಷ್ಟೇ. ಇದೇ ಎಂಜಿನ್ ಮ್ಯಾನ್ಯುಯಲ್‌ನಲ್ಲಿ 320 ಕೊಡುತ್ತೆ, ಆಟೋಮ್ಯಾಟಿಕ್‌ನಲ್ಲಿ ಗೇರ್‌ಬಾಕ್ಸ್‌ಗೋಸ್ಕರ ಎಂಜಿನ್ನಿನ ಕೈ ಕಟ್ಟಿಹಾಕಿದ್ದಾರೆ! ಸಿಲ್ಕ್ ಬೋರ್ಡ್ ಥರದ ಕಡೆ ಇಂಚಿಂಚು ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತಲೇ ಇರುತ್ತೆ, ತಣ್ಣಗಾಗಿಸೋಕೆ ಎಣ್ಣೆ ಇಲ್ಲ. 1ರಿಂದ 2ಕ್ಕೆ ಹೋಗುವಾಗ ನಡುಕ ಬಂದರೆ ಕ್ಲಚ್. ಗೇರ್ ಸೂಚಕ ಮಿಣುಕಿ ಸ್ಕ್ಯಾನರ್‌ನಲ್ಲಿ ಪಿ17ಬಿಎಫ್ ಅನ್ನೋ ದೋಷದ ಕೋಡ್ ಕಂಡರೆ ಮೆಕಾಟ್ರಾನಿಕ್‌ನ (ಗೇರ್ ಬದಲಿಸುವ ನಿಯಂತ್ರಣ ಘಟಕ) ಪ್ರೆಶರ್ ಅಕ್ಯುಮುಲೇಟರ್ ಕೂರುವ ಜಾಗ ಬಿರುಕುಬಿಟ್ಟಿದೆ. ಇಡೀ ಯೂನಿಟ್ ಹಾಕಿಸಿದರೆ ಲಕ್ಷ ದಾಟುತ್ತೆ, ನಿಮ್ಮ ವರ್ಷದ ಬಜೆಟ್ ಒಂದೇ ಏಟಿಗೆ ಮುಗೀತು.

ಬಿಡದಿ_ಬೋಲ್ಟ್:
ಈ ಓಟಕ್ಕೆ ಕ್ಯಾಮ್ರಿಯೇ. ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಟರ್ಬೊ ಇಲ್ಲ. ಇದರ ಗೇರ್‌ಬಾಕ್ಸ್ ಇ-ಸಿವಿಟಿ, ಅಂದರೆ ಬೆಲ್ಟ್ ಇರುವ ಸಿವಿಟಿ ಅಲ್ಲ. ಎರಡು ಮೋಟಾರ್, ನಡುವೆ ಪ್ಲಾನೆಟರಿ ಗೇರ್. ಸವೆಯುವ ಕ್ಲಚ್ಚೇ ಇಲ್ಲ. ಎಣ್ಣೆ ಟೊಯೊಟಾ ಡಬ್ಲ್ಯುಎಸ್, ನಾಲ್ಕು ಲೀಟರಿನೊಳಗೆ. ಗಾಡಿ ಜೋಡಣೆ ಆಗಿದ್ದು ಬಿಡದಿಯಲ್ಲೇ.

ಎಲ್ಲರೂ ಹೆದರೋದು ಬ್ಯಾಟರಿಗೆ. 7.2 ವೋಲ್ಟಿನ 34 ನಿಕಲ್ ಮೆಟಲ್ ಹೈಡ್ರೈಡ್ ಮಾಡ್ಯೂಲ್, ಒಟ್ಟು 245 ವೋಲ್ಟ್ ಹತ್ತಿರ. ಎರಡೆರಡು ಸೇರಿ 17 ಬ್ಲಾಕ್. ಬ್ಲೂಟೂತ್ ಒಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಸಾಧನ) ಚುಚ್ಚಿ ಡಾ. ಪ್ರಿಯಸ್ ಆ್ಯಪ್‌ನಲ್ಲಿ ಬ್ಲಾಕ್‌ಗಳನ್ನು ನೋಡಿ. ನಿಂತಾಗ ಅವುಗಳ ನಡುವೆ 0.2–0.3 ವೋಲ್ಟ್‌ಗಿಂತ ಹೆಚ್ಚು ಅಂತರ ಇರಬಾರದು. ಜೋರಾಗಿ ಎಳೆಸುವಾಗ ಪ್ರತಿ ಸಲವೂ ಅದೇ ಬ್ಲಾಕ್ ಮಿಕ್ಕವಕ್ಕಿಂತ ಕೆಳಗೆ ಬಿದ್ದರೆ ಅದು ಸೋತಿದೆ, ಇವತ್ತಲ್ಲ ನಾಳೆ ಬ್ಯಾಟರಿ ಬದಲಿಸಿ ಅನ್ನೋ ಪಿ0ಎ80 ಕೋಡ್ ಬರುತ್ತೆ. ಬ್ಯಾಟರಿ ಕೊಲ್ಲೋದು ಓಟಕ್ಕಿಂತ ಬಿಸಿ. ಕ್ಯಾಬಿನ್ ಗಾಳಿಯನ್ನೇ ಎಳೆದುಕೊಂಡು ತಣ್ಣಗಾಗುತ್ತೆ. ಫ್ಯಾನ್‌ನಲ್ಲಿ ಧೂಳು, ನಾಯಿಕೂದಲು ಕಟ್ಟಿಕೊಂಡಿದ್ದರೆ ಮುಗೀತು. ಫ್ಯಾನ್ ಬಿಚ್ಚಿಸಿ ನೋಡಿ. ಕಡಿಮೆ ಓಡಿದೆ ಅಂತಲೂ ಖುಷಿಪಡಬೇಡಿ, ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಹೈಬ್ರಿಡ್‌ಗಿಂತ ದಿನಾ ಓಡಿದ್ದೇ ವಾಸಿ.

ಅದಕ್ಕಿಂತ ಜನ ಮರೆಯೋದು ಬ್ರೇಕ್ ಆ್ಯಕ್ಚುಯೇಟರ್, ಅಂದರೆ ಬ್ರೇಕಿಗೆ ಪಂಪ್‌ನಿಂದ ಒತ್ತಡ ಕೊಡುವ ಭಾಗ. ಗಾಡಿ ಆನ್ ಮಾಡಿ, ಬ್ರೇಕ್ ಮುಟ್ಟದೆ ಐದು ನಿಮಿಷ ಸುಮ್ಮನೆ ಕೂತು ಕಿವಿಗೊಡಿ. ಪಂಪ್ ಕೆಲವೇ ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಗುಂಯ್ ಅಂದರೆ ಒಳಗೆ ಪ್ರೆಶರ್ ಸೋರ್ತಿದೆ. ಆ ಭಾಗ ದುಬಾರಿ, ಆ ಗಾಡಿ ಬೇಡ.

ಕೂಲೆಂಟ್ ಟ್ಯಾಂಕ್ ಎರಡು: ಒಂದು ಎಂಜಿನ್‌ಗೆ, ಇನ್ನೊಂದು ಇನ್ವರ್ಟರ್‌ಗೆ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಭಾಗ). ಎರಡರಲ್ಲೂ ಗುಲಾಬಿ ಬಣ್ಣವೇ ಇರಬೇಕು. ಡಿಕ್ಕಿಯಲ್ಲಿರೋ 12 ವೋಲ್ಟ್ ಬ್ಯಾಟರಿಗೆ ಅನಿಲ ಹೊರಗೆ ಬಿಡುವ ಗಾಳಿಕೊಳವೆ ಇದೆಯಾ ನೋಡಿ. ಅಲ್ಲಿ ಸಾದಾ ಬ್ಯಾಟರಿ ಕೂರಿಸಿದ್ದಾರೆ ಅಂದರೆ ಮಿಕ್ಕ ಕೆಲಸ ಹೇಗೆ ಮಾಡಿಸಿರಬಹುದು ಅಂತ ಊಹಿಸ್ಕೊಳ್ಳಿ.

ಆರ್‌ಸಿ_ಪುಸ್ತಕ:
ದೆಹಲಿ ಗಾಡಿ ಬಗ್ಗೆ ಮಾತ್ರ. ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ತಡೆ ಬಿದ್ದಿದ್ದಕ್ಕೇ ಅವು ದಕ್ಷಿಣಕ್ಕೆ ಇಳಿಯೋದು. ಫಾರಂ 28ರ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಫಾರಂ 35, ಮಾಲೀಕತ್ವ ವರ್ಗಾವಣೆಗೆ 29 ಮತ್ತು 30 ಬೇಕು. ಇಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ, ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಲೆಕ್ಕ ಹಾಕೋದು ನೀವು ಕೊಟ್ಟ ಬೆಲೆ ಮೇಲಲ್ಲ, ಹೊಸದಾಗಿದ್ದಾಗಿನ ಬೆಲೆ ಮೇಲೆ. ವಯಸ್ಸಿಗೆ ತಕ್ಕ ಕಡಿತ ಸಿಗುತ್ತೆ, ಆದರೂ 20 ಲಕ್ಷ ಮೀರಿದ ಕಾರಿನ ದರ 18 ಶೇಕಡ, ಮೇಲೆ ಸೆಸ್. ದೆಹಲಿಯ "ಅಗ್ಗ"ದಲ್ಲಿ ದೊಡ್ಡ ಪಾಲು ಇಲ್ಲೇ ಕರಗುತ್ತೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ವಿಮೆಯಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರಲ್ಲ, ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ.

ಹಾಸನ_ಹೈವೇ:
320ಡಿ, ಎ6 ಪಟ್ಟಿಯಿಂದ ತೆಗೆದೆ. ಸೂಪರ್ಬ್ ಹಿಂದಿನ ಸೀಟಿನ ಜಾಗ ಮನಸ್ಸಿಂದ ಹೋಗ್ತಿಲ್ಲ. ಅದರಲ್ಲೇ ಬೇರೆ ದಾರಿ ಇದೆಯೇ?

ಸ್ಪ್ಯಾನರ್_13:
ಎರಡಿವೆ. 1.8 ಮ್ಯಾನ್ಯುಯಲ್ ಸಿಕ್ಕರೆ ಕಣ್ಮುಚ್ಚಿ ಹೋಗಿ ನೋಡಿ, ಸಿಗೋದೇ ಅಪರೂಪ. ಇನ್ನೊಂದು 2.0 ಟಿಡಿಐ: ಅದರ 6 ಸ್ಪೀಡ್ ಡಿಕ್ಯು250 ಎಣ್ಣೆಯಲ್ಲಿ ಮುಳುಗಿರುವ ಕ್ಲಚ್, ಟ್ರಾಫಿಕ್ ತಾಳುತ್ತೆ. 60,000 ಕಿ.ಮೀ.ಗೊಮ್ಮೆ ಸುಮಾರು ಐದೂವರೆ ಲೀಟರ್ ಎಣ್ಣೆ, ಜೊತೆಗೆ ಫಿಲ್ಟರ್. ಬದಲಿಸಿದ ಬಿಲ್ ಕೇಳಿ, "ಮಾಡಿಸಿದ್ದೀವಿ" ಅನ್ನೋ ಮಾತು ಸಾಲದು. ಈ ಎಂಜಿನ್ನಿನ ವಾಟರ್ ಪಂಪ್ ಒಳಗಿನ ಕವಚ ಸಿಕ್ಕಿಹಾಕಿಕೊಂಡು ಘಾಟಿಯಲ್ಲಿ ಬಿಸಿಯಾಗುತ್ತೆ. ಹಾಗಾಗಿ ಟೈಮಿಂಗ್ ಬೆಲ್ಟ್ ಬದಲಿಸುವಾಗ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಭಾಗ), ಪಂಪ್ ಒಟ್ಟಿಗೇ ಹಾಕಿಸಿ, ಬಿಚ್ಚುವ ಕೂಲಿ ಒಂದೇ. ಟೆಸ್ಟ್ ಡ್ರೈವ್‌ನಲ್ಲಿ ಅರ್ಧ ಗಂಟೆ ಓಡಿಸಿ, ಏರು ಸಿಗುವ ರಸ್ತೆ ಆರಿಸಿಕೊಳ್ಳಿ, ಟೆಂಪರೇಚರ್ ಮುಳ್ಳು ನಡುವಿನಿಂದ ಕದಲಬಾರದು.