ಅಪ್‌ಡೇಟ್: ಕ್ಯಾಂಪರ್ ವ್ಯಾನ್ ಜಗಳ ಅಂತೂ ಮುಗಿಯಿತು

ಹೋದ ತಿಂಗಳು ಇಲ್ಲಿ ಕೇಳಿದ್ದೆ: ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ನಿಲ್ಲಿಸಬೇಡಿ ಅಂತ ಕಮಿಟಿ ನೋಟಿಸ್ ಕೊಟ್ಟಿದೆ, ಹಾಗೆ ಹೇಳೋ ಹಕ್ಕು ಅವರಿಗಿದೆಯಾ?

ಮೊದಲು ಬೈಲಾ, ಅಂದ್ರೆ ಸೊಸೈಟಿಯ ನಿಯಮಾವಳಿ, ಓದಿ ಅಂದವರಿಗೆ ಥ್ಯಾಂಕ್ಸ್. ಓದಿದೆ. ಪಾರ್ಕಿಂಗ್ ನಿಯಮ ಮಾಡುವುದು ಸದಸ್ಯರ ಸಾಮಾನ್ಯ ಸಭೆ, ಕಮಿಟಿ ಅದನ್ನು ಜಾರಿ ಮಾಡಬೇಕಷ್ಟೇ. ಹುಮ್ಮಸ್ಸಿನಲ್ಲಿ ಸಭೆಗೆ ಹೋದೆ. "ಈ ಜಾಗಕ್ಕೆ ಬಿಲ್ಡರ್‌ಗೆ ಬೇರೆ ದುಡ್ಡು ಕೊಟ್ಟಿದ್ದೇನೆ, ನನ್ನದು" ಅಂದೆ. ಅಲ್ಲೇ ಎಡವಿದೆ ನೋಡಿ. ಎರಡನೇ ಮಹಡಿಯ ವಕೀಲ ಕಾಕಾ ನಿಧಾನವಾಗಿ ಎದ್ದು, ಸ್ಟಿಲ್ಟ್ (ಕಟ್ಟಡದ ಕೆಳಗೆ ಕಂಬಗಳ ನಡುವಿನ) ಮತ್ತು ತೆರೆದ ಪಾರ್ಕಿಂಗ್ ಎಲ್ಲರಿಗೂ ಸೇರಿದ ಜಾಗ, ಬಿಲ್ಡರ್ ಅದನ್ನು ಮಾರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ ಅಂದರು. ಅದೂ ಮುಂಬೈ ಕಡೆಯ ಕೇಸಂತೆ. ನಾನು ಸುಮ್ನೆ ಕೂತೆ.

ಆಮೇಲೆ ಟೇಪ್ ಹಿಡಿದು ಅಳೆದರು. ಜಾಗ 5 ಮೀಟರ್, ನನ್ನ ವ್ಯಾನ್ 6. ಮೂತಿ ದಾರಿಗೆ ಚಾಚಿಕೊಂಡಿದೆ. ಅಗ್ನಿಶಾಮಕ ಗಾಡಿ ತಿರುಗಬೇಕಾದ ದಾರಿ ಅದೇ. ಇದನ್ನು ನಾನೇ ಮೊದಲು ಅಳೆಯಬಹುದಿತ್ತು, ಅಲ್ವಾ?

ಕೊನೆಗೆ ವ್ಯಾನ್ ತೊಳೆಯಲು, ಸಾಮಾನು ತುಂಬಲು ಒಂದು ರಾತ್ರಿ ಗೆಸ್ಟ್ ಜಾಗದಲ್ಲಿ ನಿಲ್ಲಿಸಬಹುದು ಅಂತ ಒಪ್ಪಿದರು. ಉಳಿದ ದಿನ ಗೆಳೆಯರೊಬ್ಬರ ಗೋಡೌನ್ ಹಿಂದೆ, ತಿಂಗಳ ಬಾಡಿಗೆಗೆ. ನನ್ನ ಗಾಳಿ ತುಂಬುವ ದೋಣಿ ಎಲ್ಲಿಡುತ್ತೀರಿ ಅಂತಲೂ ಕೇಳಿದ್ದಿರಿ. ಅದು ಮಂಚದ ಕೆಳಗಿದೆ. ಹೆಂಡತಿಯ ನೋಟಿಸ್ ಇನ್ನೂ ಬಂದಿಲ್ಲ.