ಬ್ರೇಕ್ ಪೆಡಲ್ ‘ಮೆತ್ತಗಾಗುವುದು’ ಬೇರೆ, ‘ಇಳಿಯುವುದು’ ಬೇರೆ: ಬೋರ್ಡಿಗೆ ಮಾತು ಬೇಕು

ಎಲ್ಲರಿಗೂ ನಮಸ್ಕಾರ.

ಬ್ರೇಕ್ ಪೆಡಲಿನ ಎರಡು ತೊಂದರೆಗಳನ್ನು ಬೇರೆ ಬೇರೆಯಾಗಿ ಹೇಳಲು ಸೋಮವಾರ ನಾನು ಇಲ್ಲಿ ಕೇಳಿದ್ದು ಎರಡು ಕನ್ನಡ ಮಾತು. ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಬ್ರೇಕ್’ ಎಂಬ ಪದವನ್ನು ಕನ್ನಡದಿಂದ ಹೊರಗೆ ಹಾಕುವ ಬಗ್ಗೆ. ಬ್ರೇಕಿಗೆ ಪದ ನಾನು ಕೇಳಲೇ ಇಲ್ಲ.

ಇನ್ನೊಮ್ಮೆ ಹೇಳುತ್ತೇನೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಗ್ಯಾರೇಜಿನ ಗೋಡೆಗೆ ಬೋರ್ಡು ಬರೆದುಕೊಡಬೇಕು. ಅರ್ಧ ಮಲಯಾಳ, ಅರ್ಧ ಕನ್ನಡ. ಕಾರು ತಂದವರು ಅದನ್ನು ಓದಿ, ಬ್ರೇಕಿಗೆ ಏನಾಗಿದೆ ಎಂದು ಮೆಕ್ಯಾನಿಕ್‌ಗೆ ಸರಿಯಾಗಿ ಹೇಳುವ ಹಾಗಿರಬೇಕು. ಮಲಯಾಳದ ಅರ್ಧ ಮುಗಿದಿದೆ. ಕನ್ನಡದ ಅರ್ಧ ಇನ್ನೂ ಖಾಲಿ. ಶನಿವಾರ ಪೇಂಟರ್ ಬರುತ್ತಾರೆ.

ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ‘ಬ್ರೇಕ್ ಲೂಸ್ ಉಂಟು.’ ಈ ಒಂದು ಮಾತು ಸಾಲುವುದಿಲ್ಲ. ಹೋದ ಮಳೆಗಾಲ ನಾನೂ ಹಾಗೇ ಹೇಳಿ ಕಾರು ಬಿಟ್ಟು ಬಂದೆ. ಬ್ರೇಕಿನ ಗಾಳಿ ತೆಗೆದು ಕೊಟ್ಟರು. ಮೂರನೇ ದಿನ ಇಳಿಜಾರಿನಲ್ಲಿ ಆಟೋದ ಹಿಂದೆ ನಿಂತಿದ್ದೆ. ಪೆಡಲ್ ಒತ್ತಿಯೇ ಇದ್ದೆ, ಅದು ಕಾಲಿನಡಿ ಮೆಲ್ಲ ಮೆಲ್ಲ ಕೆಳಗೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದಾಗ ಆಟೋಕ್ಕೂ ನನಗೂ ಒಂದು ಗೇಣು ಇತ್ತು. ಹೋಗಿದ್ದದ್ದು ಮಾಸ್ಟರ್ ಸಿಲಿಂಡರಿನ, ಎಂದರೆ ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡನ್ನು ಚಕ್ರಗಳ ಕಡೆ ತಳ್ಳುವ ಭಾಗದ, ಒಳಗಿನ ರಬ್ಬರ್. ಹೊರಗೆ ಒಂದು ಹನಿಯೂ ಸೋರಿರಲಿಲ್ಲ.

ಹಾಗಾಗಿ ಎರಡು ಬೇರೆ ಮಾತು ಬೇಕು. ಒಂದು, ಒತ್ತಿದಾಗ ಹತ್ತಿಯ ಮೆತ್ತೆ ತುಳಿದ ಹಾಗೆ ಅನ್ನಿಸಿ, ನಾಲ್ಕು ಸಲ ಬೇಗ ಬೇಗ ಒತ್ತಿದರೆ ಮೇಲೆ ಬಂದು ಗಟ್ಟಿಯಾಗುವುದು. ಫ್ಲೂಯಿಡ್ ಕುಗ್ಗುವುದಿಲ್ಲ, ಅದರಲ್ಲಿ ಸೇರಿದ ಗಾಳಿ ಕುಗ್ಗುತ್ತದೆ. ಇದಕ್ಕೆ ಗಾಳಿ ತೆಗೆದರೆ ಆಯಿತು. ಇನ್ನೊಂದು, ಒಂದೇ ಸಮ ಒತ್ತಿ ಹಿಡಿದರೂ ಪೆಡಲ್ ಕೆಳಗೆ ಹೋಗುತ್ತಾ ಇರುವುದು. ಇದು ಸೋರಿಕೆ, ಒಳಗೋ ಹೊರಗೋ. ಹತ್ತು ಸಲ ಗಾಳಿ ತೆಗೆದರೂ ಪ್ರಯೋಜನ ಇಲ್ಲ, ಅದು ಸರಿಯಾಗುವ ತನಕ ಆ ಕಾರು ಓಡಿಸಲೇಬಾರದು. ಹಿಂದಿನ ಚಕ್ರದ ಡ್ರಮ್ ಬ್ರೇಕಿನ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ) ಸವೆದರೂ ಮೊದಲ ಸಲ ಪೆಡಲ್ ತಗ್ಗಿಗೆ ಹೋಗಿ ಎರಡನೇ ಸಲ ಮೇಲೆ ಬರುತ್ತದೆ. ಅದನ್ನು ಬೋರ್ಡಿಗೆ ತರುವುದಿಲ್ಲ, ಜಾಗ ಇಲ್ಲ.

ಮೊದಲನೆಯದಕ್ಕೆ ‘ಮೃದು ಪೆಡಲ್’ ಎಂದು ಸೂಚಿಸಿದ್ದೀರಿ. ಆಗುವುದಿಲ್ಲ. ಕ್ಲಚ್ ಮೃದುವಾಗಿದೆ ಎಂದರೆ ಹೊಗಳಿಕೆ, ಅಲ್ವಾ? ‘ಮೆತ್ತಗಾಗಿದೆ’ ಎಂದರೆ ಹಾಗಲ್ಲ, ಇರಬೇಕಾದ ಗಟ್ಟಿತನ ಹೋಗಿದೆ ಎಂದೇ ಅರ್ಥ. ಡಬ್ಬಿಯ ಮುಚ್ಚಳ ಸಡಿಲ ಇದ್ದರೆ ಮಳೆಗಾಲದಲ್ಲಿ ಹಲಸಿನ ಹಪ್ಪಳ ಮೆತ್ತಗಾಗುತ್ತದೆ. ಬ್ರೇಕ್ ಫ್ಲೂಯಿಡ್ ಕೂಡ ಹಪ್ಪಳದ ಹಾಗೆ ಪಸೆ ಎಳೆಯುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ. ನೀರು ಎಳೆದುಕೊಂಡ ಮೇಲೆ 155ಕ್ಕೇ ಕುದಿಯಬಹುದು. ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಮಾತೂ ಕಾರಣವೂ ಇಷ್ಟು ಚೆನ್ನಾಗಿ ಕೂಡಿಬರುವುದು ಅಪರೂಪ. ಮೆತ್ತೆಯೂ ಮೆತ್ತಗೆಯೂ ಒಂದೇ ಬೇರಿನವು. ನಾನು ಇದನ್ನು ಬಿಡುವುದಿಲ್ಲ.

‘ಬ್ರೇಕ್ ಎಣ್ಣೆ’ ಬೇಡ. ಗ್ಯಾರೇಜಿನಲ್ಲಿ ‘ಬ್ರೇಕ್ ಆಯಿಲ್’ ಎನ್ನುತ್ತಾರೆ, ನಿಜ. ಆದರೆ ಅದು ಎಣ್ಣೆ ಅಲ್ಲ. ಗೋಡೆಯ ಮೇಲೆ ಎಣ್ಣೆ ಎಂದು ಬರೆದರೆ ಯಾರೋ ಒಬ್ಬರು ಮನೆಯಲ್ಲಿದ್ದ ಇಂಜಿನ್ ಆಯಿಲ್ ಸುರಿಯುತ್ತಾರೆ. ರಬ್ಬರ್ ಎಲ್ಲ ಊದಿ ಹಾಳಾಗುತ್ತದೆ. ಡಬ್ಬಿಯ ಮೇಲಿರುವ ‘ಬ್ರೇಕ್ ಫ್ಲೂಯಿಡ್’ ಎಂಬ ಹೆಸರನ್ನೇ ಬರೆಯುತ್ತೇನೆ.

ಗಾಳಿ ತೆಗೆಯುವ ಕೆಲಸಕ್ಕೆ ಇಂಗ್ಲಿಷಿನ ‘ಬ್ಲೀಡಿಂಗ್’ ನೋಡಿ ‘ರಕ್ತಸ್ರಾವ’ ಎಂದವರಿಗೆ ಉತ್ತರ ಕೊಡುವುದಿಲ್ಲ. ತೋಟದ ಡೀಸೆಲ್ ಪಂಪಿಗೆ ಏರ್ ಹಿಡಿದರೆ ನಾವು ಏರ್ ತೆಗೆಯುತ್ತೇವೆ. ಅದೇ ಸಾಕು. ಸುಮ್ನೆ ‘ಗಾಳಿ ತೆಗೆಯುವುದು’ ಎಂದು ಬರೆದರೆ ಟಯರ್ ಎಂದುಕೊಂಡಾರು, ಅದಕ್ಕೆ ‘ಬ್ರೇಕಿನ ಗಾಳಿ ತೆಗೆಯುವುದು’.

ಆ ಕೆಲಸ ನಡೆಯುವುದನ್ನು ಹತ್ತಿರ ನಿಂತು ಕೇಳಿದ್ದೀರಾ? ಒಬ್ಬ ಸೀಟಿನಲ್ಲಿ, ಒಬ್ಬ ಚಕ್ರದ ಹತ್ತಿರ. ಗಾಳಿ ಬಿಡಲು ಚಕ್ರದ ಬ್ರೇಕಿನಲ್ಲಿರುವ ಸಣ್ಣ ತಿರುಪು, ಅಂದರೆ ನಿಪ್ಪಲಿಗೆ ಪಾರದರ್ಶಕ ಟ್ಯೂಬ್, ಅದರ ತುದಿ ಬಾಟಲಿಯ ಫ್ಲೂಯಿಡಿನಲ್ಲಿ ಮುಳುಗಿರುತ್ತದೆ. ಚಕ್ರದ ಹತ್ತಿರ ಕೂತವನು ಮಲಯಾಳದಲ್ಲಿ ಕೂಗುತ್ತಾನೆ: ‘ಚವಿಟ್ಟ್. ಪಿಡಿಚ್ಚೋ.’ ನಿಪ್ಪಲ್ ಸಡಿಲಿಸುತ್ತಾನೆ, ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ‘ವಿಟ್ಟೋ’. ಮೊದಲೇ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ. ನಮ್ಮ ಮಾತಿನಲ್ಲಿ ಇದೇ ‘ಒತ್ತು, ಹಿಡಿ, ಬಿಡು’. ಪಿಡಿ ಹಿಡಿಯಾಗಿದೆ, ವಿಡು ಬಿಡು ಆಗಿದೆ. ಬೋರ್ಡಿನ ಎರಡೂ ಅರ್ಧ ಒಂದೇ ಮನೆಯ ಮಾತು.

‘ಪೆಡಲ್’ ಎಂಬ ಪದವೂ ಹೋಗಬೇಕು, ‘ತುಳಿಗೆ’ ಬರಬೇಕು ಎಂದು ಬೆಂಗಳೂರಿನ ಹಿರಿಯರೊಬ್ಬರು ಬಹಳ ಕೋಪದಿಂದ ಬರೆದಿದ್ದಾರೆ. ಸ್ವಾಮಿ, ಕನ್ನಡದ್ದೇ ಬೇಕೆಂದರೆ ‘ಮೆಟ್ಟು’ ಉಂಟು. ನಮ್ಮ ಅಡುಗೆಮನೆಯಲ್ಲಿ ಮೆಟ್ಟುಕತ್ತಿ ಇನ್ನೂ ಇದೆ, ಹೊಸದಾಗಿ ಕಟ್ಟಬೇಕಿಲ್ಲ. ಆದರೆ ಬೋರ್ಡಿಗೆ ಅದನ್ನೂ ಹಾಕುವುದಿಲ್ಲ. 1956ರಿಂದ ನಾವು ಕೇರಳದಲ್ಲಿದ್ದೇವೆ. ಇಲ್ಲಿ ಕನ್ನಡ ಬೋರ್ಡು ಓದಿ ಅರ್ಥವಾಗದಿದ್ದರೆ ಜನ ನಿಘಂಟು ತೆಗೆಯುವುದಿಲ್ಲ, ಪಕ್ಕದ ಮಲಯಾಳ ಓದುತ್ತಾರೆ. ನಾಲ್ಕು ಸಲ ಹಾಗಾದರೆ ಐದನೇ ಸಲ ಕನ್ನಡದ ಅರ್ಧವನ್ನು ಬರೆಸುವವರೇ ಇರುವುದಿಲ್ಲ. ‘ಪೆಡಲ್’ ಎಂದು ಬರೆದರೆ ಕನ್ನಡ ಸಾಯುತ್ತದೆ ಎಂಬ ನಿಮ್ಮ ಭಯ ನನಗಿಲ್ಲ. ಯಾರೂ ಓದದ ಕನ್ನಡದ ಭಯ ಉಂಟು.

ಈಗ ಉಳಿದದ್ದು ಎರಡನೆಯ ಮಾತು. ‘ಒತ್ತಿ ಹಿಡಿದರೂ ಪೆಡಲ್ ಇಳಿಯುತ್ತದೆ’ ಎಂದು ಬರೆದಿದ್ದೇನೆ. ‘ಇಳಿಯುತ್ತದೆ’ ಎಂಬಲ್ಲಿ ಆ ನಿಧಾನ ಕಾಣುವುದಿಲ್ಲ. ‘ಜಾರುತ್ತದೆ’ ಎಂದರೆ ಕಾಲು ಜಾರಿದ ಹಾಗಾಗುತ್ತದೆ. ‘ಕುಸಿಯುತ್ತದೆ’ ಎಂದರೆ ಒಮ್ಮೆಲೇ ಆದ ಹಾಗೆ. ಸುಳ್ಯ, ಪುತ್ತೂರು ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಏನು ಹೇಳುತ್ತಾರೆ? ಕೇಳಿದವರು ಶುಕ್ರವಾರ ರಾತ್ರಿಯೊಳಗೆ ತಿಳಿಸಿ.