ಕೆನಡಾದಲ್ಲಿ ಹಿರಿಯರ ಹುಡುಕಾಟ: ಗ್ರಂಥಪಾಲಕಿಗೆ ಕೇಳಿ

ವಿನ್ನಿಪೆಗ್ ಸೊಸೆ: ಮೇಡಂ, ನನ್ನ ಗಂಡನ ಮನೆಯವರು ಇಲ್ಲಿನವರೇ. ಅವರ ಮುತ್ತಜ್ಜ ಬಡಗಿ. 1913ರ ಹೆಂಡರ್ಸನ್ ಡೈರೆಕ್ಟರಿಯಲ್ಲಿ, ಅಂದ್ರೆ ಊರಿನವರ ಹೆಸರು, ಕೆಲಸ, ವಿಳಾಸ ಅಚ್ಚು ಹಾಕಿದ ಪುಸ್ತಕದಲ್ಲಿ, ಅವರ ಹೆಸರಿದೆ. 1915ರದ್ದರಲ್ಲಿ ಮುತ್ತಜ್ಜಿ ಮಾತ್ರ ಇದ್ದಾರೆ, ಪಕ್ಕದಲ್ಲಿ 'ವಿಡ್' ಅಂತಿದೆ, ಅಂದ್ರೆ ವಿಧವೆ. ಹಾಗಾಗಿ 1914ರಲ್ಲಿ ತೀರಿಕೊಂಡರು ಅಂತ ವಂಶವೃಕ್ಷದಲ್ಲಿ ಬರೆದಿದ್ದೇವೆ. ಮರಣ ದಾಖಲೆ ಮಾತ್ರ ಎಲ್ಲೂ ಸಿಗುತ್ತಿಲ್ಲ.

ಗ್ರಂಥಪಾಲಕಿ: ಮೊದಲು ಆ 1914 ಅಳಿಸಿ. ಇದು ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವ ವಿಷಯ. ಒಮ್ಮೆ ವಂಶವೃಕ್ಷಕ್ಕೆ ಸೇರಿದ ತಪ್ಪು ಇಸವಿಯನ್ನು ಹತ್ತು ಜನ ನಕಲು ಮಾಡಿಕೊಳ್ಳುತ್ತಾರೆ.

ಡೈರೆಕ್ಟರಿ ಸರ್ಕಾರಿ ದಾಖಲೆ ಅಲ್ಲ. ಕಂಪನಿಯವರು ಜನರನ್ನು ಮನೆಮನೆಗೆ ಕಳಿಸಿ, ಬಾಗಿಲು ತೆಗೆದವರು ಹೇಳಿದ್ದನ್ನು ಬರೆದುಕೊಂಡ ಪುಸ್ತಕ. ಗಂಡ ಬಿಟ್ಟುಹೋದ ಎಷ್ಟೋ ಹೆಂಗಸರು ಆಗ ವಿಧವೆ ಅಂತಲೇ ಹೇಳಿಕೊಳ್ಳುತ್ತಿದ್ದರು. 1913ರಿಂದಾಚೆಗೆ ವಿನ್ನಿಪೆಗ್‌ನಲ್ಲಿ ಮನೆ ಕಟ್ಟುವ ಭರಾಟೆ ಕುಸಿಯತೊಡಗಿತ್ತು. ಬಡಗಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿರಬಹುದು, ಅಲ್ವಾ?

'ವಿಡ್' ಪಕ್ಕ ಗಂಡನ ಹೆಸರಿದೆಯಾ ನೋಡಿ. ಆ ಹೆಸರು ಬೇರೆಯಾದರೆ ಹೆಂಗಸೂ ಬೇರೆಯಿರಬಹುದು. ಆಮೇಲೆ ಡೈರೆಕ್ಟರಿಯ ಬೀದಿವಾರು ಪಟ್ಟಿ ತೆಗೆದು, ಅದೇ ಮನೆ ನಂಬರ್‌ನಲ್ಲಿ ಯಾರಿದ್ದಾರೆ ನೋಡಿ. 1905ರಿಂದ 1920ರವರೆಗೆ ಒಂದು ವರ್ಷವನ್ನೂ ಬಿಡಬೇಡಿ. ಸಂಕ್ಷೇಪಗಳ ಅರ್ಥ ಪ್ರತಿ ಸಂಪುಟದ ಮೊದಲ ಪುಟಗಳಲ್ಲೇ ಇರುತ್ತದೆ.

ಇಷ್ಟಾದ ಮೇಲೆ 1916ರ ಪ್ರೇರಿ ಜನಗಣತಿ, ಅಂದ್ರೆ ಮ್ಯಾನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾ ಪ್ರಾಂತ್ಯಗಳದ್ದು, ನೋಡಿ. ಅದರಲ್ಲಿ ವೈವಾಹಿಕ ಸ್ಥಿತಿಯ ಕಾಲಂ ಇದೆ. ಮುತ್ತಜ್ಜ ಸೈನ್ಯ ಸೇರಿರಲೂಬಹುದು, ಮೊದಲ ಮಹಾಯುದ್ಧದ ಸೈನಿಕರ ಕಡತಗಳನ್ನೂ ಬಿಡಬೇಡಿ. ಸೇರುವಾಗ ತುಂಬಿಸಿದ ಹಾಳೆಯಲ್ಲಿ ಹತ್ತಿರದ ಬಂಧುವಿನ ಹೆಸರು, ವಿಳಾಸ ಇರುತ್ತದೆ. ಕೆಲವರು ಅಲ್ಲಿ ಹೆಂಡತಿಯ ಬದಲು ಅಕ್ಕನ ಹೆಸರು ಕೊಟ್ಟಿದ್ದಾರೆ. ಏನು ಸಿಕ್ಕಿತು ಅಂತ ಖಂಡಿತ ಬರೆಯಿರಿ.

ಎಡ್ಮಂಟನ್ ಅಂಕಲ್: 1941ರ ಜನಗಣತಿ ಎಲ್ಲಿ ಸಿಗುತ್ತದೆ?

ಗ್ರಂಥಪಾಲಕಿ: ಸಿಗುವುದಿಲ್ಲ. 92 ವರ್ಷ ಮುಚ್ಚಿಡಬೇಕು ಅಂತ ಕಾನೂನಿದೆ. 1931ರದ್ದು 2023ರ ಜೂನ್ 1ಕ್ಕೆ ತೆರೆಯಿತು. 1941ರದ್ದಕ್ಕೆ 2033ರವರೆಗೆ ಕಾಯಬೇಕು.

ಮಿಸಿಸಾಗ: ಫಾರ್ವರ್ಡ್ ಬಂದಿದೆ: '1916ರಲ್ಲಿ ಒಟ್ಟಾವಾ ಪಾರ್ಲಿಮೆಂಟಿಗೆ ಬೆಂಕಿ ಬಿದ್ದು ಹಳೇ ಜನಗಣತಿ ಎಲ್ಲಾ ಸುಟ್ಟುಹೋಯಿತು. ಕುಲನಾಮ ಕಳಿಸಿದರೆ ಮನೆತನದ ಲಾಂಛನ, ವಂಶವೃಕ್ಷ ಉಚಿತ.'

ಗ್ರಂಥಪಾಲಕಿ: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಬೆಂಕಿ ಬಿದ್ದದ್ದು ನಿಜ. ಆದರೆ 1901, 1911ರ ಜನಗಣತಿ ಇವತ್ತೂ ಓದಲು ಸಿಗುತ್ತವೆ. ಪಾರ್ಲಿಮೆಂಟಿನ ಗ್ರಂಥಾಲಯವೂ ಉಳಿಯಿತು, ಅದರ ಕಬ್ಬಿಣದ ಬಾಗಿಲು ಮುಚ್ಚಿದ್ದರಿಂದ. ಇನ್ನು ಲಾಂಛನ ಕೊಡುವುದು ವ್ಯಕ್ತಿಗೆ, ಕುಲನಾಮಕ್ಕಲ್ಲ. ಯಾರೂ ವಿವರ ಕಳಿಸಬೇಡಿ.

ಬ್ರಾಂಪ್ಟನ್: ಪಕ್ಕದ ಮನೆಯ ಪಂಜಾಬಿ ಸ್ನೇಹಿತರ ಮುತ್ತಾತ 1907ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮರದ ಮಿಲ್ಲಿಗೆ ಬಂದವರು. ಪೌರತ್ವ ಪಡೆದವರ ಪಟ್ಟಿಯಲ್ಲಿ ಹೆಸರೇ ಇಲ್ಲ.

ಗ್ರಂಥಪಾಲಕಿ: ಇರುವುದೂ ಇಲ್ಲ. ಬ್ರಿಟಿಷ್ ಇಂಡಿಯಾದವರು ಆಗಲೇ ಬ್ರಿಟಿಷ್ ಪ್ರಜೆಗಳು, ಆ ಪಟ್ಟಿ ಹೊರದೇಶದವರದ್ದು. ಕೆನಡಾ ಪೌರತ್ವ ಅನ್ನುವುದೇ 1947ರಿಂದ. ಹಡಗಿನ ಪಟ್ಟಿ, 1911ರ ಜನಗಣತಿ ನೋಡಿ. ಡೈರೆಕ್ಟರಿಯಲ್ಲಿ ಸಿಗದಿದ್ದರೆ ಊರಲ್ಲಿ ಇರಲಿಲ್ಲ ಅಂದುಕೊಳ್ಳಬೇಡಿ. ಏಷ್ಯಾದವರ ಹೆಸರನ್ನೇ ಕೇಳದೆ ಬರೀ 'ಓರಿಯಂಟಲ್ಸ್' ಅಂತ ಅಚ್ಚು ಹಾಕಿದ ಪುಟಗಳಿವೆ. ಅವನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಕ್ಯಾಲ್ಗರಿ: ಇಷ್ಟೆಲ್ಲಾ ಧೂಳು ಯಾಕೆ? ಡಿಎನ್‌ಎ ಟೆಸ್ಟ್ ಮಾಡಿಸಿದರೆ ಮುಗೀತು.

ಲಂಡನ್ ಒಂಟಾರಿಯೊ: ಡಿಎನ್‌ಎ ಮುತ್ತಜ್ಜನ ಬೀದಿ ಹೇಳುತ್ತದಾ?

ಕ್ಯಾಲ್ಗರಿ: ಪುಸ್ತಕ ಸುಳ್ಳು ಹೇಳುತ್ತದೆ ಅಂತ ಮೇಡಮ್ಮೇ ಮೇಲೆ ಬರೆದಿದ್ದಾರೆ.

ಲಂಡನ್ ಒಂಟಾರಿಯೊ: ಸರಿಯಾಗಿ ಓದಿ. ಒಂದೇ ಪುಸ್ತಕ ನಂಬಬೇಡಿ ಅಂದರು. ಸುಮ್ನೆ ವಾದ ಬೇಡ.

ಕ್ಯಾಲ್ಗರಿ: ನಿಮಗೆ ಯಾರು ಕೇಳಿದ್ದು?

ಹ್ಯಾಲಿಫ್ಯಾಕ್ಸ್: ಮೇಡಂ, ನ್ಯೂಫೌಂಡ್‌ಲ್ಯಾಂಡ್‌ನವರು 1931ರ ಜನಗಣತಿಯಲ್ಲಿ ಯಾಕಿಲ್ಲ?

ಲಂಡನ್ ಒಂಟಾರಿಯೊ: ಗುಂಪಲ್ಲಿ ಎಲ್ಲರೂ ಮಾತಾಡಬಹುದು, ಕ್ಯಾಲ್ಗರಿ ಸಾರ್.

ಗ್ರಂಥಪಾಲಕಿ: ಇಬ್ಬರೂ ನಿಲ್ಲಿಸಿ. ಡಿಎನ್‌ಎ ನೆಂಟಸ್ತಿಕೆ ತೋರಿಸುತ್ತದೆ, ಇಸವಿ ಬರೆದುಕೊಡುವುದಿಲ್ಲ. ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಮಿಸಿಸಾಗ: ಲಾಂಛನದ ಲಿಂಕ್ ಬೇಕಾದವರು ನನಗೆ ಮೆಸೇಜ್ ಮಾಡಿ.

ಗ್ರಂಥಪಾಲಕಿ: ಅಡ್ಮಿನ್, ಈ ಪೋಸ್ಟ್ ತೆಗೆಯಿರಿ.

ಎಡ್ಮಂಟನ್ ಅಂಕಲ್: 1941ರದ್ದು ದುಡ್ಡು ಕೊಟ್ಟರೆ ಸಿಗುತ್ತದಾ?

ಗ್ರಂಥಪಾಲಕಿ: ಇಲ್ಲ.